ನೀಲಿ ತಿರುಗಿದ ಒಂಬತ್ತು ಗಾಜುಗಳು

ಎಡಪ್ಪಾಡಿ
12-2-1996

ಚಿರಂಜೀವಿ ಶಾಲಿನಿಗೆ,

ವಾಣಿಯ ಅಪ್ಪ ಎಲ್ಲಪ್ಪ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡ. ಅವಳು ತೀರಿಕೊಂಡು ನಿನ್ನೆಗೆ ಮೂರು ತಿಂಗಳಾಯಿತು.

ನೀನು ಗಡಿಯ ತಳಿ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು, ಬರೆದರೆ ಓದುತ್ತೀಯ ಎಂದು ಅವಳು ಹೇಳಿದ್ದಳು. ನನಗೆ ಈ ಅಕ್ಷರ ಕಲಿಸಿದವನು ನನ್ನಪ್ಪ, ಮಗ್ಗದ ಗುಂಡಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ. ಊರು ತಮಿಳರದಾದರೂ ನಮ್ಮ ನೇಕಾರರ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಬರೆಯುವವನು ನಾನೊಬ್ಬನೇ. ವಾಣಿಗೆ ಕಲಿಸಲು ಹೋದರೆ, ‘ಅಪ್ಪಾ, ತಮಿಳಾಗೆ ಬರುದ್ರೇ ನನ್ ಕಿರುಕಲು ಅಕ್ಸರ ಯಾರ್ಗೂ ಓದಾಕಾಗಲ್ಲ, ಇನ್ನೊಂದು ಬ್ಯಾರೆ ಯಾಕೆ’ ಎಂದು ತಪ್ಪಿಸಿಕೊಂಡಳು.

ಈ ಕಾಗದ ತಂದ ಪಳನಿಸ್ವಾಮಿ ನಮ್ಮ ಬೀದಿಯವನೇ, ಧರ್ಮಪುರಿಯ ಅಂಗಡಿಗಳಿಗೆ ಸೀರೆ ಹಾಕುವವನು. ಅವನ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ವಾಣಿಯ ನೋಟ್‌ಬುಕ್ಕು, ಒಣಗಿಸಿದ ಮೇಕೆ ಹಿಕ್ಕೆಯ ಪೊಟ್ಟಣಗಳು, ಹತ್ತೊಂಬತ್ತು ಗಾಜುಗಳು ಇವೆ. ನೀವು ಸ್ಲೈಡು ಅನ್ನುತ್ತೀರಿ. ಒಂದೂ ಒಡೆದಿಲ್ಲ, ಎಣಿಸಿಕೋ. ಹನ್ನೊಂದನೇ ದಿನದ ಕಾರ್ಯಕ್ಕೆ ನಿಮ್ಮ ಅರುಣಾಚಲಂ ಸಾರ್ ಬಂದಿದ್ದರಲ್ಲ, ಎಲ್ಲರೆದುರಿಗೆ ಹೇಳಿದರು: ‘ನಿಮ್ಮ ಮಗಳು ಕಂಡುಹಿಡಿದ ಅಣಬೆ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೆ ಅವಳ ಹೆಸರನ್ನೇ ಇಡುತ್ತೇನೆ.’ ಉಳಿದ ಕೆಲಸ ನೀನು ಮಾಡುತ್ತೀಯ ಎಂದೂ ಹೇಳಿದರು.

ಹನ್ನೊಂದನೇ ನಂಬರಿನಿಂದ ಮುಂದಿನ ಒಂಬತ್ತು ಗಾಜು ನನ್ನ ಕೆಲಸ, ಅದು ನಿನಗೆ ಗೊತ್ತಿರಲಿ. ಅವಳು ಕಾಲೇಜಿನ ಮೈಕ್ರೋಸ್ಕೋಪನ್ನು ರಜಕ್ಕೆ ಮನೆಗೆ ತಂದಿದ್ದಳು. ಹಿಕ್ಕೆಯ ಮೇಲೆ ಏಳುವ, ಸಾಸಿವೆಗಿಂತ ಚಿಕ್ಕ ಬಟ್ಟಲಿನಂಥ ಆ ಅಣಬೆಯನ್ನು ಬ್ಲೇಡಿನಲ್ಲಿ ಎಳೆ ಎಳೆಯಾಗಿ ಕೊಯ್ಯಬೇಕು. ಅವಳು ಕೊಯ್ದರೆ ಮುದ್ದೆಯಾಗುತ್ತಿತ್ತು. ನಲವತ್ತು ವರ್ಷ ಕಡಿದ ಎಳೆ ಹುಡುಕಿ ಗಂಟು ಹಾಕಿದ ಕೈ ನನ್ನದು. ‘ಅಪ್ಪಾ, ನಮ್ ಡಿಪಾರ್ಟ್‌ಮೆಂಟ್ನಾಗೆ ಯಾರೂ ಇಷ್ಟು ತೆಳ್ಳಗೆ ಕುಯ್ಯಲ್ಲ’ ಅಂದಳು. ಮಕ್ಕಳಿಂದ ಅಂಥ ಮಾತು ದಿನಾ ಸಿಗುವುದಿಲ್ಲ.

ಈ ಕೆಲಸ ಬೇಗ ಆಗಲಿ ಎಂದು ನಿನ್ನನ್ನು ಅವಸರಪಡಿಸುವುದಕ್ಕೆ ಕಾರಣ ಇದೆ, ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ವೆಂಕಟಲಕ್ಷ್ಮಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ನೀರು ಕಾಯಿಸುತ್ತಾಳೆ, ಬಾಯಿ ಮಾತ್ರ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ, ‘ಆ ಮಳೇಲಿ ಮಗೂನ ಅಣಬೆ ಕೀಳಾಕೆ ಬುಟ್ಟೋರು ನೀವೇ’ ಅಂದಳು, ಅದೇ ಕೊನೆ. ಸುಳ್ಳಲ್ಲ. ನವೆಂಬರ್ ನಾಲ್ಕಕ್ಕೆ ವಾಣಿ ‘ಅಣಬೆಗೆ ಪೆನ್ನಾಗರಂಗೆ ಓಗ್ಬತ್ತೀನಪ್ಪಾ’ ಎಂದಾಗ ಬಸ್‌ಸ್ಟ್ಯಾಂಡಿನವರೆಗೆ ಕೊಡೆ ಹಿಡಿದು ಹೋದವನು ನಾನು. ವಾಪಸು ಬಂದ ಮಾರನೇ ದಿನ ಜ್ವರ ಬಂತು. ನಾಲ್ಕೇ ದಿನ.

ಪುಸ್ತಕದಲ್ಲಿ ಅವಳ ಹೆಸರು ಬಂದರೆ ನಾನು ಆ ಹಾಳೆ ಹಿಡಿದು ಅಡುಗೆಮನೆಗೆ ಹೋಗಬಹುದು. ಮಗು ಸುಮ್ಮನೆ ಹೋಗಲಿಲ್ಲ ಎಂದಾದರೂ ಹೇಳಬಹುದು. ನನಗೆ ಬೇಕಾದ್ದು ಅಷ್ಟೇ.

ಆಶೀರ್ವಾದಗಳೊಡನೆ,
ಎಲ್ಲಪ್ಪ


ಧರ್ಮಪುರಿ
3-3-1996

ಅಪ್ಪ ಅವರಿಗೆ,

ಹೀಗೆ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ. ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ನಿಮಗೆ ಬೇರೆ ಹೆಸರಿರಲಿಲ್ಲ. ‘ಅಪ್ಪ ಇದನ್ನ ಕೇಳಿದ್ರೆ ಏನಂತಾರೆ ಗೊತ್ತಾ’ ಎಂದು ಅವಳು ದಿನಕ್ಕೆ ನಾಲ್ಕು ಸಲ ಶುರು ಮಾಡುತ್ತಿದ್ದಳು. ನಾಲ್ಕು ವರ್ಷ ಅದನ್ನು ಕೇಳಿಸಿಕೊಂಡವಳು ನಾನು.

ಪೆಟ್ಟಿಗೆ ತಲುಪಿತು. ಹತ್ತೊಂಬತ್ತೂ ಇವೆ. ನೀವು ಕೊಯ್ದದ್ದನ್ನು ನೋಡಿದೆ. ಅವಳು ನಿಮ್ಮನ್ನು ಹೊಗಳಿದ್ದು ಬಾಯುಪಚಾರಕ್ಕಲ್ಲ.

ಈ ಅಣಬೆಯಲ್ಲಿ ನಾವು ನೋಡುವುದೇನು ಎಂದು ನಿಮಗೆ ತಿಳಿಸಬೇಕು, ಯಾಕೆಂದರೆ ಅದು ನಿಮ್ಮ ಕೆಲಸವೂ ಹೌದು. ಹಿಕ್ಕೆಯ ಮೇಲೆ ಏಳುವ ಇಂಥ ಪುಟ್ಟ ಬಟ್ಟಲುಗಳಲ್ಲಿ ಎಷ್ಟೋ ಜಾತಿಗಳಿವೆ. ಬರಿಗಣ್ಣಿಗೆ ಎಲ್ಲವೂ ಒಂದೇ. ಕೊಯ್ದು ಮೈಕ್ರೋಸ್ಕೋಪಿಗೆ ಇಟ್ಟಾಗ ಬಟ್ಟಲಿನ ಒಳಗೆ ಉದ್ದನೆಯ ಚೀಲಗಳು ಮಗ್ಗದ ಹಾಸಿನ ಎಳೆಗಳ ಹಾಗೆ ಒತ್ತಾಗಿ ನಿಂತಿರುವುದು ಕಾಣುತ್ತದೆ. ಒಂದೊಂದು ಚೀಲದಲ್ಲೂ ಎಂಟು ಬೀಜ. ಆ ಬೀಜ ನುಣುಪೋ ಒರಟೋ, ಉದ್ದ ಎಷ್ಟು, ಬಟ್ಟಲಿನ ಅಂಚಿಗೆ ಕೂದಲಿದೆಯೋ ಇಲ್ಲವೋ, ಕೊನೆಗೆ ಒಂದು ತೊಟ್ಟು ಅಯೋಡಿನ್ ಬಿಟ್ಟರೆ ಚೀಲ ನೀಲಿಯಾಗುತ್ತದೋ ಇಲ್ಲವೋ. ಇದನ್ನೆಲ್ಲ ಸೇರಿಸಿ ಜಾತಿ ಹೇಳುತ್ತೇವೆ.

ವಾಣಿಯ ಅಣಬೆಯ ಬೀಜ ನುಣುಪು, ಅಂಚಿಗೆ ಕೂದಲಿಲ್ಲ. ಈ ಬಗೆಯವು ಅಯೋಡಿನ್‌ಗೆ ನೀಲಿಯಾಗುವುದಿಲ್ಲ. ಅವಳದು ನೀಲಿಯಾಗಿದೆ. ಹೊಸದು ಎನ್ನುವುದು ಆ ನೀಲಿಯ ಮೇಲೆಯೇ ನಿಂತಿದೆ. ಅರುಣಾಚಲಂ ಸಾರ್ ಬರವಣಿಗೆ ಶುರು ಮಾಡಿದ್ದಾರೆ. ಚಿತ್ರ ಬರೆಯುವುದು, ಅಳತೆಗಳನ್ನು ಇನ್ನೊಮ್ಮೆ ನೋಡುವುದು ನನ್ನ ಪಾಲು.

ಹೆಣ್ಣಿನ ಹೆಸರಿಟ್ಟರೆ ಕೊನೆಗೆ ಒಂದು ಬಾಲ ಸೇರಿಸುವುದು ಲ್ಯಾಟಿನ್ ಪದ್ಧತಿ. ‘ವಾಣಿಯೇ’ ಎಂದಾಗುತ್ತದೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆಯಲು ಹೋಗಿ, ಹೇಗೆ ತಿಳಿಸುತ್ತೀರಿ ಎಂದು ಕೈ ತಡೆಯಿತು.

ನಿಮ್ಮ
ಶಾಲಿನಿ


ಎಡಪ್ಪಾಡಿ
10-4-1996

ಚಿರಂಜೀವಿ ಶಾಲಿನಿಗೆ,

ನಿನ್ನ ಕಾಗದವನ್ನು ಪಡಸಾಲೆಯ ಕಂಬಕ್ಕೆ ಓದಿ ಹೇಳಿದೆ. ನಗಬೇಡ. ಕಂಬದ ಆಚೆ ಅಡುಗೆಮನೆ. ಇತ್ತೀಚೆಗೆ ನಾನು ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಆ ಕಂಬಕ್ಕೆ ಹೇಳುತ್ತೇನೆ, ಅದು ಬಹಳ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತದೆ. ‘ವಾಣಿಯೇ’ ಎಂದು ಓದಿದಾಗ ಒಳಗೆ ಈಳಿಗೆಮಣೆಯ ಸದ್ದು ನಿಂತಿತು. ಯಾರೋ ಅವಳನ್ನು ಬೀದಿಯಿಂದ ಕೂಗಿದ ಹಾಗೆ ನನಗೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೆಚ್ಚತೊಡಗಿದಳು.

ನಮ್ಮ ಮೇಷ್ಟ್ರು ಪ್ರೇಮ್‌ಕುಮಾರ್ ಆ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಗೆ ಬರೆದುಕೊಟ್ಟರು. ಮಗ್ಗದ ಮುಂದಿನ ಗೋಡೆಗೆ ಅಂಟಿಸಿದ್ದೇನೆ. ಬೀದಿಯವರು ಬಂದು ನೋಡಿ ಹೋಗುತ್ತಾರೆ. ‘ಏನಲಾ ಎಲ್ಲಪ್ಪ, ಮೇಕೆ ಹಿಕ್ಕೆ ಮ್ಯಾಲಾ ನಿನ್ ಮಗ್ಳೆಸ್ರು ಬರೆಯಾದು’ ಎಂದು ಒಬ್ಬ ಕೇಳಿದ. ಹೌದಲಾ ಅಂದೆ. ಲೋಕದಲ್ಲಿ ಅದಕ್ಕಾಗಿ ಕಾದು ಕುಳಿತ ಅಪ್ಪ ನಾನೊಬ್ಬನೇ ಇರಬೇಕು.

ಮೊನ್ನೆ ಊಟಕ್ಕೆ ಕೂತಾಗ ವೆಂಕಟಲಕ್ಷ್ಮಿ ಬಂದು ಆ ಗೋಡೆಯ ಕಾಗದವನ್ನು ನೋಡುತ್ತಾ ನಿಂತಿದ್ದಳು. ಅವಳಿಗೆ ಯಾವ ಅಕ್ಷರವೂ ಬರುವುದಿಲ್ಲ. ತುಟಿ ಅಲ್ಲಾಡಿತು, ಏನೋ ಹೇಳುತ್ತಾಳೆ ಎಂದು ತುತ್ತು ಹಿಡಿದು ಕಾದೆ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆದರೂ ನಿಂತಳಲ್ಲ, ಅದೇ ದೊಡ್ಡದು. ಆ ಪುಸ್ತಕ ಯಾವ ತಿಂಗಳು ಬರುತ್ತದೆ ಎಂದು ಬರೆ.

ಎಲ್ಲಪ್ಪ


ಧರ್ಮಪುರಿ
24-6-1996

ಅಪ್ಪ ಅವರಿಗೆ,

ತಡವಾಗಿದ್ದಕ್ಕೆ ಕ್ಷಮಿಸಿ. ಪರೀಕ್ಷೆಯ ಕೆಲಸವಿತ್ತು. ಪುಸ್ತಕ ಯಾವಾಗ ಎಂದು ಈಗಲೇ ಹೇಳಲಾರೆ.

ಕೆಲವು ವಿಷಯ ಕೇಳಬೇಕಿದೆ. ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಸ್ಲೈಡುಗಳನ್ನು ಕೊಯ್ದದ್ದು ಯಾವ ದಿನ? ಆಗ ಮನೆಯಲ್ಲಿ ಏನು ಕೆಲಸ ನಡೆದಿತ್ತು? ಮೊದಲ ಹತ್ತಕ್ಕೆ ಅಯೋಡಿನ್ ಯಾಕೆ ಹಾಕಿಲ್ಲ ಎಂದು ವಾಣಿ ಏನಾದರೂ ಹೇಳಿದ್ದಳೇ? ನೆನಪಿದ್ದಷ್ಟು ಬರೆದರೆ ಸಾಕು.

ಇನ್ನೊಂದು. ಮಳೆ ಬಿದ್ದಿದ್ದರೆ ಪೆನ್ನಾಗರಂನ ಅದೇ ಮೇಕೆ ರೊಪ್ಪದಿಂದ ಸ್ವಲ್ಪ ಹಿಕ್ಕೆ ತರಿಸಿ ಕಳಿಸಲಾಗುತ್ತದೆಯೇ? ಹಳೆಯದು ಮುಗಿಯುತ್ತಾ ಬಂದಿದೆ. ನೀವೇನೂ ಕೊಯ್ಯುವುದು ಬೇಡ, ಹಾಗೆಯೇ ಕಳಿಸಿ.

ಶಾಲಿನಿ


ಎಡಪ್ಪಾಡಿ
20-7-1996

ಚಿರಂಜೀವಿ ಶಾಲಿನಿಗೆ,

ಪೊಲೀಸಿನವರ ಹಾಗೆ ಕೇಳಿದ್ದೀಯ. ಕೇಳು, ನನಗೆ ಆ ದಿನ ಹೇಳುವುದಕ್ಕಿಂತ ಇಷ್ಟವಾದ ಕೆಲಸ ಇಲ್ಲ.

ಅಕ್ಟೋಬರ್ ಹದಿನೈದು, ಭಾನುವಾರ. ದೀಪಾವಳಿಗೆ ಎಂಟು ದಿನ ಇತ್ತು. ಆ ವಾರ ನಮ್ಮ ಬೀದಿ ಹೇಗಿರುತ್ತದೆ ಎಂದು ನೀನು ನೋಡಿಲ್ಲ. ಬೆಳಗಾಗುವ ಮುಂಚೆಯೇ ಹಾಸಿನ ನೂಲುಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲು ಏರುವುದರೊಳಗೆ ಕುಂಚ ಹೊಡೆದು ಒಣಗಿಸಬೇಕು. ಅವತ್ತು ನಮ್ಮ ಮನೆಯದೇ ಎರಡು ಹಾಸು. ಒಂಬತ್ತು ಗಂಟೆಗೆ ಮುಗಿಸಿ ಒಳಗೆ ಬಂದೆ, ವಾಣಿ ಕಿಟಕಿಯ ಹತ್ತಿರ ಬ್ಲೇಡು ಹಿಡಿದು ಬೈದುಕೊಳ್ಳುತ್ತಾ ಕೂತಿದ್ದಳು. ಅದಕ್ಕೆ ಮುಂಚೆ ಹತ್ತು ಗಾಜು ಅವಳೇ ಕಾಲೇಜಿನಲ್ಲಿ ಮಾಡಿದ್ದು, ಎಲ್ಲ ಮುದ್ದೆ ಮುದ್ದೆ. ಅಯೋಡಿನ್ ಬಾಟಲಿ ಅಲ್ಲಿ ಮುಗಿದಿತ್ತಂತೆ, ಸೇಲಂನಲ್ಲಿ ಹೊಸದು ಕೊಂಡು ನೇರ ಮನೆಗೆ ಬಂದಿದ್ದಳು.

‘ಕೊಡಿಲ್ಲಿ’ ಅಂದೆ. ಲುಂಗಿಗೆ ಕೈ ಒರೆಸಿಕೊಂಡು ಕೂತೆ. ಬೆಂಡಿನ ತುಂಡನ್ನು ಸೀಳಿ ನಡುವೆ ಬಟ್ಟಲನ್ನು ಇಟ್ಟು ಕೊಯ್ಯುವುದು. ಎರಡು ಕೆಟ್ಟವು, ಮೂರನೆಯದರಿಂದ ಕೈ ಕೂತಿತು. ಎಡಗೈ ಬೆರಳಲ್ಲಿ ಒತ್ತಿ ಹಿಡಿದು, ಒಂದೊಂದೇ ಎಳೆಯನ್ನು ಬೆರಳ ತುದಿಯಿಂದಲೇ ಗಾಜಿಗೆ ಇಳಿಸಿದೆ. ಅವಳು ಅಯೋಡಿನ್ ಬಿಟ್ಟು ಕಣ್ಣಿಟ್ಟಳು. ಗಾಜನ್ನು ಅತ್ತಿತ್ತ ಸರಿಸಿದಳು. ಆಮೇಲೆ ಮೆಲ್ಲಗೆ, ‘ಅಪ್ಪಾ, ನೀಲಿ’ ಅಂದಳು. ಮುಂದಿನದೂ ನೀಲಿ. ಅದರ ಮುಂದಿನದೂ. ಎದ್ದು ಬಂದು ನನ್ನ ಎರಡೂ ಕೈ ಹಿಡಿದು ಕುಣಿಸಿದಳು. ಇಪ್ಪತ್ತೇಳು ವರ್ಷದ ಹುಡುಗಿ. ನನ್ನ ಮದುವೆಯಲ್ಲಿ ಕೂಡ ನಾನು ಕುಣಿದವನಲ್ಲ.

ಪೆನ್ನಾಗರಂಗೆ ನಾನೇ ಹೋಗಿದ್ದೆ. ಅಲ್ಲಿರುವುದು ವೆಂಕಟಲಕ್ಷ್ಮಿಯ ಅಣ್ಣ ಪುಟ್ಟಪ್ಪ. ರೊಪ್ಪ ಅವನದೇ. ಪಾಪ, ಅವನಿಗೆ ಇನ್ನೂ ಆ ದುಃಖ ಇಳಿದಿಲ್ಲ, ನನಗೆ ಮುಖ ಕೊಟ್ಟು ಮಾತಾಡಲೇ ಇಲ್ಲ. ಎರಡು ಟಿಫನ್ ಡಬ್ಬಿ ತುಂಬಿಕೊಂಡು ಬಂದೆ. ಮೇಟ್ಟೂರು ಬಸ್ಸಿನಲ್ಲಿ ಕಂಡಕ್ಟರು ವಾಸನೆ ಹಿಡಿದು, ‘ಎನ್ನಯ್ಯಾ ಉಳ್ಳೆ?’, ಒಳಗೇನು ಅಂದ. ಆಟ್ಟುಪ್ಪುಳುಕ್ಕೈ, ಮೇಕೆ ಹಿಕ್ಕೆ, ಕಾಲೇಜಿಗೆ ಅಂದೆ. ಪಕ್ಕದವರು ಎದ್ದು ಹೋದರು, ಮನೆಯವರೆಗೂ ಆರಾಮಾಗಿ ಕೂತು ಬಂದೆ. ನೀನು ಹೇಳಿದ ಹಾಗೆ ಮುಟ್ಟದೆ ಕಳಿಸಿದ್ದೇನೆ. ಯಾಕೆ ಕೊಯ್ಯಬೇಡ ಅಂದೆಯೋ ತಿಳಿಯಲಿಲ್ಲ.

ಎಲ್ಲಪ್ಪ


ಧರ್ಮಪುರಿ
2-9-1996

ಅಪ್ಪ ಅವರಿಗೆ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಪುಸ್ತಕದವರೇ ತಡ ಮಾಡುತ್ತಿದ್ದಾರೆ ಎಂದಿತ್ತು. ಇನ್ನು ಹಾಗೆ ಬರೆಯಲಾರೆ.

ವಾಣಿಯ ಅಣಬೆ ಹೊಸದಲ್ಲ.

ಜೂನ್‌ನಲ್ಲಿ ಚಿತ್ರ ಬರೆಯಲು ಕೂತಾಗ ಅನುಮಾನ ಬಂತು. ನಿಜವಾಗಿ ನೀಲಿ ತಿರುಗುವ ಜಾತಿಗಳಲ್ಲಿ ಬಣ್ಣ ಚೀಲದ ಗೋಡೆಯೊಳಗೇ ಒಂದೇ ಸಮನೆ ಇರುತ್ತದೆ. ಈ ಒಂಬತ್ತು ಸ್ಲೈಡುಗಳಲ್ಲಿ ಅದು ಹೊರಗೆ ಅಲ್ಲಲ್ಲಿ ಚುಕ್ಕೆಯಾಗಿ, ತೆಳ್ಳಗೆ ಬಳಿದ ಹಾಗೆ ಇದೆ. ಅವಳ ಪೊಟ್ಟಣದಿಂದಲೇ ಒಂದು ಬಟ್ಟಲು ತೆಗೆದು ನಾನು ಕೊಯ್ದು ನೋಡಿದೆ, ನೀಲಿ ಬರಲಿಲ್ಲ. ನೀವು ಕಳಿಸಿದ ಹಿಕ್ಕೆಯನ್ನು ಒದ್ದೆ ಕಾಗದದ ಮೇಲಿಟ್ಟು ಬೆಳೆಸಿ ನಲವತ್ತು ಬಟ್ಟಲು ಕೊಯ್ದೆ. ಒಂದರಲ್ಲೂ ಬರಲಿಲ್ಲ. ನೀಲಿ ಇಲ್ಲವೆಂದಾದರೆ ಇದು ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟ, ಎಲ್ಲ ದೇಶಗಳಲ್ಲೂ ಸಿಗುವ ಜಾತಿ. ಅರುಣಾಚಲಂ ಸಾರ್ ಬರವಣಿಗೆ ವಾಪಸು ತೆಗೆದುಕೊಂಡರು. ಅವರು ಆ ದಿನ ಪಾಠ ಮಾಡಲಿಲ್ಲ.

ಅಯೋಡಿನ್ ಪಿಷ್ಟವನ್ನು ನೀಲಿ ಮಾಡುತ್ತದೆ. ಎಲ್ಲಿಂದಲೋ ಪಿಷ್ಟ ಸೇರಿದೆ. ನಿಮ್ಮ ಕಡೆ ಮರಗೆಣಸು ಜಾಸ್ತಿ, ಕೊಯ್ಯಲು ಬಳಸಿದ ಬೆಂಡು ಅದರ ಕಡ್ಡಿಯದ್ದಿರಬೇಕು. ಅದರ ತುಂಬ ಪಿಷ್ಟವೇ. ಯಾರ ತಪ್ಪೂ ಅಲ್ಲ.

ಇದು ನಿಮಗೆ ಏನು ಎಂದು ನನಗೆ ಗೊತ್ತು. ಅಮ್ಮ ಗೋಡೆಯ ಮುಂದೆ ನಿಂತದ್ದನ್ನು ನೀವು ಬರೆದಿದ್ದಿರಿ, ಅದನ್ನು ಓದಿದ ಮೇಲೆ ನನಗೆ ಆ ಸ್ಲೈಡುಗಳನ್ನು ಮುಟ್ಟಲು ಭಯವಾಗುತ್ತಿತ್ತು. ಪೆಟ್ಟಿಗೆಯನ್ನು ಪಳನಿಸ್ವಾಮಿಯವರ ಕೈಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಅದು ನಿಮ್ಮ ಮನೆಯಲ್ಲಿರಬೇಕಾದ್ದು.

ಶಾಲಿನಿ


ಎಡಪ್ಪಾಡಿ
6-10-1996

ಶಾಲಿನಿಗೆ,

ಆ ಬೆಂಡು ಮರಗೆಣಸಿನದಲ್ಲ. ಬಾಸಿಂಗ ಮಾಡುವವರ ಅಂಗಡಿಯದು, ವಾಣಿಯೇ ತಂದದ್ದು. ಗಂಜಿ ಸವರಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಕೂತೆ ಎಂದು ನಿನಗೆ ಬರೆದಿದ್ದೆ, ನೀನು ಓದಿದ್ದೆ. ಆದರೂ ಮರಗೆಣಸು ಎಂದೆ. ನನ್ನನ್ನು ಮಗು ಮಾಡಬೇಡ. ನೇಯುವವನ ಬೆರಳು ಕುಯ್ದುಕೊಂಡಾಗ ಕಾಂಪೌಂಡರು ಟಿಂಚರ್ ಅಯೋಡಿನ್ ಹಚ್ಚಿದರೆ ಗಾಯದ ಸುತ್ತ ಕಪ್ಪು ನೀಲಿಯಾಗುತ್ತದೆ. ಅವರು ಬೈಯುತ್ತಾರೆ, ಗಂಜಿ ತೊಳೆದುಕೊಂಡು ಬಾ ಎಂದು. ನಲವತ್ತು ವರ್ಷದಿಂದ ನೋಡಿದ್ದೇನೆ. ಅವತ್ತು ಆ ಗಾಜನ್ನು ನೋಡಿದಾಗ ಹೊಳೆಯಲಿಲ್ಲ. ಮಗಳು ಕುಣಿಯುತ್ತಿದ್ದಳು, ಅದನ್ನು ನೋಡುತ್ತಿದ್ದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನೋಟ್‌ಬುಕ್ಕಿನ ಕೊನೆಯ ಹಾಳೆಯ ಅಂಚಿನಲ್ಲಿ ತಮಿಳಿನಲ್ಲಿ ಎರಡು ಸಾಲಿದೆ. ನನಗೆ ಅವಳ ಕಿರುಕಲು ಓದಲು ಬರುತ್ತದೆ. ‘ಅಪ್ಪನ ಕೈಯ ಗಂಜಿ ಇರಬಹುದೇ? ಹೊಸದಾಗಿ ತಂದು ನಾನೇ ಕೊಯ್ದು ನೋಡಬೇಕು.’ ತಾರೀಖು ನವೆಂಬರ್ ಒಂದು. ನಾಲ್ಕನೇ ತಾರೀಖು ಅವಳು ಪೆನ್ನಾಗರಂ ಬಸ್ಸು ಹತ್ತಿದಳು.

ಅವಳಿಗೆ ಗೊತ್ತಾಗಿತ್ತು. ನನಗೆ ನೋವಾಗುತ್ತದೆ ಎಂದು ಬಾಯಿ ಬಿಡದೆ, ಆ ಮಳೆಯಲ್ಲಿ, ನನ್ನ ಕೈ ಮಾಡಿದ್ದನ್ನು ಸರಿ ಮಾಡಲು ಹೋದಳು. ನಾನು ಅವಳ ಮೇಲೆ ಕೊಡೆ ಹಿಡಿದು ಕಳಿಸಿಕೊಟ್ಟೆ. ವೆಂಕಟಲಕ್ಷ್ಮಿ ಹೇಳಿದ್ದು ಅರ್ಧ ಮಾತ್ರ. ಬಿಟ್ಟವನು ನಾನು, ಹೋಗುವ ಹಾಗೆ ಮಾಡಿದವನೂ ನಾನು.

ಇದನ್ನು ಕಂಬಕ್ಕೆ ಹೇಳಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳ ಮುಖಕ್ಕೇ ಹೇಳಿದೆ. ಹೆಸರು ಬರುವುದಿಲ್ಲ, ಅದಕ್ಕೆ ಕಾರಣ ಈ ಕೈ, ಮಗು ಸತ್ತದ್ದಕ್ಕೂ ಈ ಕೈಯೇ ಕಾರಣ ಎಂದೆ. ಅವಳು ನನ್ನನ್ನೇ ನೋಡಿದಳು. ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಗೋಡೆಯ ಕಾಗದ ಕಿತ್ತು ಹಾಕಿದ್ದೇನೆ.

ಆ ಸಾಲನ್ನು ನೀನೂ ಓದಿರುತ್ತೀಯ. ಇನ್ನು ನನಗೆ ಬರೆಯಬೇಡ.

ಎಲ್ಲಪ್ಪ


ಧರ್ಮಪುರಿ
11-11-1996

ಅಪ್ಪ ಅವರಿಗೆ,

ಬರೆಯಬೇಡ ಎಂದಿದ್ದಿರಿ. ಅವಳು ಹೋಗಿ ಇವತ್ತಿಗೆ ವರ್ಷ, ಬರೆಯದೆ ಇರಲಾಗಲಿಲ್ಲ.

ಹೌದು, ಆ ಸಾಲನ್ನು ಜೂನ್‌ನಲ್ಲೇ ಓದಿದ್ದೆ. ಅದಕ್ಕೇ ಅಷ್ಟೆಲ್ಲ ಕೇಳಿದ್ದು. ಆ ಹಾಳೆ ಹರಿದಿಟ್ಟುಕೊಂಡು ನೋಟ್‌ಬುಕ್ಕು ಕಳಿಸೋಣವೆಂದು ಅಂಚಿಗೆ ಕೈ ಹಾಕಿದ್ದೆ. ಅವಳ ಅಕ್ಷರ, ಹರಿಯಲಾಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ನಿಮ್ಮ ಕಾಲು ಹಿಡಿಯುತ್ತೇನೆ.

ಒಂದೇ ಮಾತು ನಂಬಿ. ಅನುಮಾನ ಪಡುವುದು ನಮ್ಮ ಕಸುಬು. ನಾವು ಕಂಡದ್ದನ್ನು ನಾವೇ ಕೆಡವಿ ನೋಡುತ್ತೇವೆ, ಅದರಲ್ಲಿ ಯಾರ ಮೇಲೂ ದೂರಿಲ್ಲ. ಆ ಸಾಲು ಬರೆಯುವಾಗ ಅವಳು ನಿಮ್ಮ ಮೇಲೆ ಬೇಸರ ಪಟ್ಟಿರುವುದಿಲ್ಲ. ನನಗೆ ಅವಳು ಗೊತ್ತು.

ಶಾಲಿನಿ


ಎಡಪ್ಪಾಡಿ
19-1-1997

ಚಿರಂಜೀವಿ ಶಾಲಿನಿಗೆ,

ಇದು ನನ್ನ ಕಾಗದವಲ್ಲ. ಹೇಳುತ್ತಿರುವವಳು ವಾಣಿಯ ಅವ್ವ. ಒಂದಕ್ಷರ ತಿದ್ದದೆ, ಹೇಳಿದ ಹಾಗೆಯೇ ಬರೆಯಬೇಕೆಂದು ಅಪ್ಪಣೆಯಾಗಿದೆ. ಹದಿನಾಲ್ಕು ತಿಂಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು, ‘ಪೆನ್ ತಕ್ಕಳ್ರಿ.’

ಶಾಲಿನಿ, ನಾನು ವೆಂಕಟಲಕ್ಷ್ಮಮ್ಮ ಯೇಳ್ತಾ ಇವ್ನಿ, ಇವ್ರು ಬರೀತಾವ್ರೆ. ನಿನ್ ಕಾಗ್ದ ಬಂದು ಎರಡು ತಿಂಗಳಾಯ್ತು. ಇವ್ರು ಮಗ್ಗಕ್ಕೆ ಇಳೀತಿಲ್ಲ. ಕೈ ತೊಳೀತಾರೆ. ಊಟಕ್ ಮುಂಚೆ ತೊಳೀತಾರೆ, ಊಟ ಆದ್ಮೇಲೆ ತೊಳೀತಾರೆ, ಸುಮ್ಕೆ ಕುಂತಿದ್ದೋರು ಎದ್ದೋಗಿ ಸೋಪಾಕಿ ತೊಳೀತಾರೆ. ಬೆಳ್ಳು ಸಂದೀಲಿ ಚರ್ಮ ಸುಲ್ದೋಗೈತೆ. ಅದ ನೋಡಾಕಾಗ್ದೆ ಇವತ್ತು ಬಾಯಿ ಬುಟ್ಟಿವ್ನಿ.

ಇವ್ರ ಕೈ ತಪ್ಪು ಸರಿ ಮಾಡಾಕೆ ವಾಣಿ ಪೆನ್ನಾಗರಂಗೆ ಓದ್ಲು ಅಂತ ಇವ್ರು ನಂಬವ್ರೆ. ಅದು ಸುಳ್ಳು. ಆ ಗಂಜಿ ಇಚಾರ ವಾಣಿ ನಂಗೆ ಯೇಳಿದ್ಲು. ‘ಅವ್ವಾ, ಅಪ್ಪಂಗೆ ಯೇಳ್ಬ್ಯಾಡ, ನೊಂದ್ಕತ್ತಾರೆ. ಪೊಂಗಲ್ಗೆ ಮಾವನ್ ಊರ್ಗೆ ಓಗ್ತೀವಲ್ಲ, ಆಗ ತಂದು ನೋಡ್ಕತ್ತೀನಿ, ಏನವಸರ’ ಅಂದ್ಲು. ನಕ್ಕಂಡೇ ಅಂದ್ಲು.

ಕಳ್ಸಿದ್ದು ನಾನು. ನಮ್ಮಣ್ಣ ಪುಟ್ಟಪ್ಪ ಒಂದು ಗಂಡು ನೋಡಿದ್ದ. ಮಣಿಕಂಠ ಅಂತ, ಕರೆಂಟ್ ಆಫೀಸ್ನಾಗೆ ಕೆಲ್ಸ. ಬಾನುವಾರ ನೋಡಾಕ್ ಬತ್ತಾರೆ, ಕಳ್ಸು ಅಂದ. ಗಂಡು ನೋಡಾಕೆ ಅಂದ್ರೆ ಅವ್ಳೂ ಓಗಲ್ಲ, ಓದು ಮುಗೀಲಿ ಅಂತ ಇವ್ರೂ ಬುಡಲ್ಲ. ಅದ್ಕೆ ಸುಳ್ಳು ಯೇಳ್ದೆ. ಮಾವಂಗೆ ಉಸಾರಿಲ್ಲ, ನೋಡ್ಕಂಡ್ ಬಾ ಅಂದೆ. ಅಪ್ಪಂಗೆ ಅಣಬೆಗೆ ಅಂತ ಯೇಳು, ಇಲ್ದಿದ್ರೆ ಅವ್ರೂ ಕೆಲ್ಸ ಬುಟ್ಟು ಒಂಟ್ಬುಡ್ತಾರೆ ಅಂದೆ. ಮಗ ನಂಬ್ತು.

ಅಲ್ಲೋದ್ಮ್ಯಾಲೆ ಗೊತ್ತಾಗೈತೆ. ಜಗ್ಳ ಆಡ್ಲಿಲ್ಲವಂತೆ. ಅತ್ತಿಗೆ ಕೊಟ್ ಸೀರೆ ಉಟ್ಳಂತೆ, ಕಾಪಿ ಕೊಟ್ಳಂತೆ. ಅವ್ರು ಒಪ್ಕಂಡು ಓದ್ರು. ಆಮ್ಯಾಕೆ ಮಳೇಲಿ ರೊಪ್ಪದತ್ರ ಓಗಿ ನಿಂತ್ಕಂಡ್ಳಂತೆ. ಕರುದ್ರೂ ಒಳೀಕೆ ಬರ್ಲಿಲ್ಲ, ಕತ್ಲಾಗಗಂಟ ನಿಂತಿದ್ಳಂತೆ. ಅಣಬೆ ಕೀಳ್ಲಿಲ್ಲ ಶಾಲಿನಿ. ಕೈಲಿ ಡಬ್ಬಿನೂ ಇರ್ಲಿಲ್ಲ. ಮನೇಗ್ ಬಂದು ನನ್ನ ಒಂದ್ ಮಾತು ಕೇಳ್ಲಿಲ್ಲ. ನಾ ಒಲೆ ಮುಂದೆ ತಲೆ ಬಗ್ಸ್ಕಂಡ್ ಕುಂತಿದ್ದೆ. ಮಾರ್ನೆ ದಿನ ಜ್ವರ ಬಂತು.

ಆಸ್ಪತ್ರೆ ಬಾಗ್ಲಾಗೆ ತಪ್ಪ ಇವ್ರ ಮ್ಯಾಲೆ ಆಕ್ದೆ. ನಮ್ಮಣ್ಣಂಗೂ ಬಾಯಿ ಬುಡಬ್ಯಾಡ ಅಂದೆ. ಆವತ್ತಿಂದ ಇವ್ರತ್ರ ಮಾತಾಡ್ಲಿಲ್ಲ. ಇವ್ರು ಕೋಪ ಅಂದ್ಕಂಡ್ರು. ಕೋಪ ಅಲ್ಲ. ಬಾಯಿ ತೆಗುದ್ರೆ ಇದೇ ಬತ್ತದೆ ಅಂತ ಗೊತ್ತಿತ್ತು.

ಇವ್ರು ಪೆನ್ ಮಡಗಿ ಆಚೀಕೆ ಎದ್ದೋದ್ರು. ಬಾಳ ಒತ್ತಾಯ್ತು. ಈಗ ಬಂದು ಕುಂತವ್ರೆ, ಮುಖ ನೋಡ್ತಿಲ್ಲ. ಇದ್ನೂ ಬರೀರಿ ಅಂದಿವ್ನಿ, ಬರೀತಾವ್ರೆ. ಇನ್ನೊಂದು ಸಾಲೈತೆ, ಅದ್ನೂ ನೀವೇ ಬರೀಬೇಕು ಅಂದಿವ್ನಿ. ಆ ಕೈ ಏನೂ ಮಾಡಿಲ್ಲ.

ಹೇಳಿದವಳು ವೆಂಕಟಲಕ್ಷ್ಮಮ್ಮ
ಬರೆದವನು ಎಲ್ಲಪ್ಪ